ವೇದಿಕೆಯ ಮೇಲೆ ಮರೆತುಹೋದ ಗೋಲ್‌ಕೀಪರ್

ಹೋದ ವಾರ ಅಟ್ಟದಿಂದ ಹಳೆಯ ಸೂಟ್‌ಕೇಸೊಂದನ್ನು ಇಳಿಸಿ ಶುಚಿ ಮಾಡುತ್ತಿದ್ದ ನನ್ನ ಹೆಂಡತಿ ವಸುಧಾ, ಅದರೊಳಗೆ ಸಿಕ್ಕಿದ ಬಿಳಿ ಬಟ್ಟೆಯ ಚೌಕವೊಂದನ್ನು ನೀರಿಗದ್ದಿ ಕಿಟಕಿಯ ಗಾಜು ಒರೆಸಲು ಹೊರಟಿದ್ದಳು. ಬಟ್ಟೆಯ ಮೇಲೆ ಕಪ್ಪು ಬಣ್ಣದಲ್ಲಿ ದಪ್ಪಗೆ ಹದಿನೇಳು ಎಂಬ ಅಂಕಿ. ನಾಲ್ಕು ಮೂಲೆಗಳಲ್ಲಿ ಪಿನ್ನು ಚುಚ್ಚಿದ್ದ ತುಕ್ಕಿನ ಕಲೆ. "ಅದನ್ನ ಕೆಳಗಿಡು!" ಎಂದು ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಟೀವಿಯ ಸದ್ದು ಕಡಿಮೆ ಮಾಡಿದರು.

"ಇಪ್ಪತ್ತು ವರ್ಷದ ಮೇಲಾಯ್ತು ಕಣ್ರೀ. ಇನ್ನೂ ಇಳಿದಿಲ್ವಾ ನಿಮ್ಮ ಕೋಪ?" ಎಂದಳು ವಸುಧಾ.

ಇಳಿದಿಲ್ಲ. ಇಳಿಯುವ ಲಕ್ಷಣವೂ ಇಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಮಂಡಿನೋವಿದೆ, ಅವುಗಳ ಜೊತೆಗೆ ಈ ಕೋಪವೂ ಇದೆ. ಮೂರರಲ್ಲಿ ಯಾವುದೂ ವಾಸಿಯಾಗುತ್ತದೆಂದು ಡಾಕ್ಟರು ಹೇಳಿಲ್ಲ. ನೀವು ಸ್ವಲ್ಪ ಹೊತ್ತು ಕೂತು ಕೇಳುವುದಾದರೆ ಹೇಳುತ್ತೇನೆ. ಕೇಳಿದ ಮೇಲೆ ನನ್ನದೇ ತಪ್ಪು ಎನಿಸಿದರೆ ಹಾಗೆಂದು ಧಾರಾಳವಾಗಿ ಹೇಳಿ. ಅದರಿಂದ ಕೋಪ ಕಡಿಮೆಯಾದೀತೆಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ದುಬೈಯ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ಎಂಜಿನಿಯರುಗಳ ತಲೆಯಲ್ಲಿ ಬಂದದ್ದನ್ನು ಗೆರೆಗಳಾಗಿ ಕಾಗದದ ಮೇಲೆ ಇಳಿಸುವ ಕೆಲಸ. ಮನೆ ಕರಾಮದಲ್ಲಿ, ಮೂರನೆಯ ಮಹಡಿ. ಹಿಂದುಗಡೆಯ ಕಿಟಕಿ ತೆಗೆದರೆ, ಇನ್ನೂ ಯಾರ ಕಣ್ಣೂ ಬೀಳದೆ ಉಳಿದಿದ್ದ ಒಂದು ಮರಳಿನ ಖಾಲಿ ನಿವೇಶನ. ಪ್ರತಿ ಶುಕ್ರವಾರ ಮಧ್ಯಾಹ್ನದ ಬಿಸಿಲು ಸ್ವಲ್ಪ ಬಾಗಿದ ಕೂಡಲೇ ಅಲ್ಲಿ ಏಳೇಳು ಜನರ ಫುಟ್ಬಾಲ್ ಶುರುವಾಗುತ್ತಿತ್ತು. ನಮ್ಮ ಕರಾವಳಿಯ ಹುಡುಗರು ಏರಿಯಾಕ್ಕೊಂದರಂತೆ ತಂಡ ಕಟ್ಟಿಕೊಂಡಿದ್ದರು. ಸತ್ವಾದ್ದೊಂದು, ದೇರಾದ್ದೊಂದು, ಅಬುಧಾಬಿಯ ಖಾಲಿದಿಯಾದಿಂದ ವ್ಯಾನಿನಲ್ಲಿ ಬರುತ್ತಿದ್ದದ್ದೊಂದು. ನಮ್ಮದು ಕರಾಮ ಟೀಮು. ಹುಡುಗರು ಎಂದೆನಲ್ಲ, ಅದು ಪ್ರೀತಿಯ ಮಾತು. ಅರ್ಧ ಜನಕ್ಕೆ ಕಿವಿಯ ಮೇಲೆ ನರೆ ಬಂದಿತ್ತು.

ನಾನು ಒಂದು ದಿನವೂ ಚೆಂಡು ಮುಟ್ಟಿದವನಲ್ಲ. ಮೈಸೂರಿನಲ್ಲಿ ನಮ್ಮ ಬೀದಿಯ ಆಟವೆಂದರೆ ಚಿನ್ನಿದಾಂಡು, ಲಗೋರಿ. ಫುಟ್ಬಾಲ್ ಹುಚ್ಚು ಹಿಡಿಸಿದವನು ಕೆಳಗಿನ ಮಹಡಿಯ ಝುಬೇರ್. ಭಟ್ಕಳದವನು, ದೇರಾದಲ್ಲಿ ಅವರ ಮನೆತನದ ಅತ್ತರಿನ ಅಂಗಡಿ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಅರಬ್ಬಿ, ನನ್ನೊಡನೆ ಕನ್ನಡ. ಅವನ ಮಾತನ್ನು ಎಲ್ಲರೂ ಕೇಳುತ್ತಿದ್ದರು, ಚೆಂಡೊಂದು ಬಿಟ್ಟು. ಹಾಗಾಗಿ ಅವನೂ ನನ್ನ ಹಾಗೆ ಗೆರೆಯ ಹೊರಗೆ ನಿಂತು ಕೂಗುವವನೇ ಆದ. ಹೆಂಡತಿ ಬರುವುದಕ್ಕೆ ಮೊದಲಿನ ಒಂಟಿ ಶುಕ್ರವಾರಗಳಲ್ಲಿ ಆ ಕೂಗಾಟವೊಂದೇ ನನ್ನನ್ನು ಉಳಿಸಿದ್ದು ಎಂದರೆ ನೀವು ನಗಬಹುದು. ವಾರವಿಡೀ ಆಫೀಸಿನಲ್ಲಿ "ಯೆಸ್ ಸರ್" ಎಂದವನಿಗೆ ವಾರಕ್ಕೊಮ್ಮೆ ಗಂಟಲು ಹರಿಯುವಂತೆ ಅರಚಲು ಜಾಗ ಸಿಕ್ಕಿದರೆ ಅದೇನು ಸಣ್ಣ ಮಾತೇ?

ನಾವು ಅರಚುತ್ತಿದ್ದದ್ದು ಹೆಚ್ಚಾಗಿ ಒಬ್ಬನಿಗಾಗಿ. ಲ್ಯಾನ್ಸಿ. ನಮ್ಮ ಗೋಲ್‌ಕೀಪರ್. ಮಂಗಳೂರಿನ ಹೊಳೆಯಾಚೆಯ ಊರಿನವನು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಉದ್ದನೆಯ ಕೈ, ಕಡಿಮೆ ಮಾತು. ಚಪ್ಪಾಳೆ ತಟ್ಟಿದರೆ ನಾಚಿಕೊಂಡು ಗೋಲ್‌ಕಂಬದ ಕಡೆ ತಿರುಗಿ ನಿಲ್ಲುವ ಸ್ವಭಾವ. ಅವನ ಸೊಂಟದಲ್ಲಿ ಕಂಪನಿಯ ಪೇಜರ್ ಯಾವಾಗಲೂ ಇರುತ್ತಿತ್ತು, ಆಡುವಾಗಲೂ. ಒಮ್ಮೆ ಸತ್ವಾದವರ ಮೇಲೆ ಒಂದು ಗೋಲಿನಿಂದ ಮುಂದಿದ್ದೆವು, ಇನ್ನು ಹತ್ತು ನಿಮಿಷದ ಆಟ. ಪೇಜರ್ ಕಿರುಗುಟ್ಟಿತು. ಲ್ಯಾನ್ಸಿ ಓದಿ ನೋಡಿ ಕೈಗವಸು ಬಿಚ್ಚಿದ.

"ಎಲ್ಲಿಗೆ ಮಾರಾಯ? ಹತ್ತೇ ನಿಮಿಷ!" ಎಂದ ಝುಬೇರ್.

"ಎಂಟನೇ ಮಾಳಿಗೆಯಲ್ಲಿ ಜನ ಸಿಕ್ಕಿಬಿದ್ದಿದ್ದಾರೆ. ಅವರಿಗೂ ಹತ್ತು ನಿಮಿಷ ಅಂದ್ರೆ ಹತ್ತು ನಿಮಿಷವೇ ಅಲ್ವಾ?" ಎಂದು ಹೇಳಿ ಹೊರಟೇಹೋದ.

ಆ ಹತ್ತು ನಿಮಿಷ ಝುಬೇರ್ ಗೋಲು ಕಾದ. ನಾಲ್ಕು ಗೋಲು ತಿಂದೆವು. ಅಚ್ಚರಿಯೆಂದರೆ ಯಾರಿಗೂ ಲ್ಯಾನ್ಸಿಯ ಮೇಲೆ ಸಿಟ್ಟು ಬರಲಿಲ್ಲ. ಒಂದು ಗಂಟೆಯ ಮೇಲೆ ಅವನು ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದು "ಎಷ್ಟಾಯ್ತು?" ಎಂದು ಕೇಳಿದಾಗ "ಡ್ರಾ ಆಯ್ತು" ಎಂದು ಇಡೀ ಟೀಮು ಒಂದೇ ಬಾಯಲ್ಲಿ ಸುಳ್ಳು ಹೇಳಿತು. ಅಂಥ ಟೀಮು ಅದು.

ಆ ವರ್ಷ ಲ್ಯಾನ್ಸಿಯ ಹೆಂಡತಿ ಐರಿನ್ ಮೊದಲ ಸಲ ದುಬೈಗೆ ಬಂದರು, ಒಂದು ತಿಂಗಳ ವಿಸಿಟ್ ವೀಸಾದ ಮೇಲೆ. ಕಂಪನಿಯ ಕ್ಯಾಂಪಿನಲ್ಲಿ ಎಂಟು ಜನರ ಕೋಣೆಯಲ್ಲಿರುವವನು ಹೆಂಡತಿಯನ್ನು ಎಲ್ಲಿ ಇಳಿಸಬೇಕು? ನಮ್ಮ ಮನೆಯ ಎರಡನೆಯ ಕೋಣೆಯನ್ನು ವಸುಧಾ ಆ ತಿಂಗಳ ಮಟ್ಟಿಗೆ ಗಂಡಹೆಂಡಿರಿಬ್ಬರಿಗೂ ಬಿಟ್ಟುಕೊಟ್ಟಳು. ಐರಿನ್ ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್. ಬಂದ ದಿನವೇ ಅಡುಗೆಮನೆಯಲ್ಲಿ ವಸುಧಾಳೊಡನೆ ಒಂದಾಗಿಬಿಟ್ಟರು. "ಇವರು ಕಾಗದದಲ್ಲಿ ಬೇರೆ ಎಂತ ಬರೆಯದಿದ್ರೂ ಫುಟ್ಬಾಲಿನ ಸುದ್ದಿ ಬರೀತಾರೆ. ನಾನೊಮ್ಮೆ ಇವರು ಆಡುವುದು ನೋಡ್ಬೇಕು," ಎಂದರು. ಲ್ಯಾನ್ಸಿ ಕೇಳಿಸದವನಂತೆ ಫ್ರಿಜ್ಜಿನ ಬಾಗಿಲು ಸರಿಮಾಡುತ್ತಿದ್ದ. ಆ ಬಾಗಿಲಿಗೆ ಏನೂ ಆಗಿರಲಿಲ್ಲ.

ಸರಿಯಾಗಿ ಅದೇ ತಿಂಗಳು, ಈ ಶುಕ್ರವಾರದ ಪಂದ್ಯಗಳನ್ನು ನಡೆಸುತ್ತಿದ್ದ ನಮ್ಮ ಲೀಗಿನ ಅಧ್ಯಕ್ಷರು ಯಾವುದೋ ದೇಶಕ್ಕೆ ಹೋಗಿ ಬಂದರು. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ರಕ್ತದೊತ್ತಡ ಏರುತ್ತದೆ. ಅಲ್ಲಿ ದೊಡ್ಡ ದೊಡ್ಡ ಕ್ಲಬ್ಬಿನವರು ಆಟಗಾರರನ್ನು ಸಭೆಯಲ್ಲಿ ಕೂತು ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದನ್ನೂ, ಅಭಿಮಾನಿಗಳು ಖುದ್ದಾಗಿ ಬಂದು ಜೈಕಾರ ಹಾಕುವುದನ್ನೂ ನೋಡಿ ಬಂದಿದ್ದರಂತೆ. ನಮ್ಮ ಲೀಗೂ ಇನ್ನು ಮುಂದೆ ಪ್ರೊಫೆಷನಲ್ ಆಗಬೇಕು ಎಂದು ಅಪ್ಪಣೆಯಾಯಿತು. ಏರಿಯಾದ ಟೀಮುಗಳೆಲ್ಲ ರದ್ದು, ಶುಕ್ರವಾರದ ಆಟವೂ ಬಂದ್. ಆರು ಮಂದಿ ಮಾಲೀಕರು, ಆರು ಹೊಸ ತಂಡ, ಆಟಗಾರರಿಗೆ ಸಂಭಾವನೆ.

"ರಂಗಣ್ಣ, ಬರುವ ಶುಕ್ರವಾರ ಹೋಟೆಲಲ್ಲಿ ಡ್ರಾಫ್ಟ್ ಉಂಟಂತೆ," ಎಂದ ಝುಬೇರ್.

"ಡ್ರಾಫ್ಟಾ? ಯಾವ ಕಟ್ಟಡದ್ದು?" ಎಂದೆ ನಾನು, ಕೆಲಸದ ಧ್ಯಾನದಲ್ಲಿ.

"ಕಟ್ಟಡದ್ದಲ್ಲ ಮಾರಾಯ್ರೆ, ಮನುಷ್ಯರದ್ದು. ನಮ್ಮನ್ನೂ ಕರೆದಿದ್ದಾರೆ. ಫ್ಯಾನ್ಸ್ ಅಂತ."

ನನ್ನನ್ನು ಯಾರಾದರೂ ಯಾವುದಕ್ಕಾದರೂ ಲಿಖಿತವಾಗಿ ಆಹ್ವಾನಿಸಿದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಉಬ್ಬಿಹೋದೆ. ವಸುಧಾಳ ಮಂಚದ ಒಳ್ಳೆಯ ಹಾಸೊಂದನ್ನು ಕೇಳದೆಯೇ ತೆಗೆದು, ಕೊರೆಯಚ್ಚು ಇಟ್ಟು, ಅಳತೆ ತಪ್ಪದಂತೆ "ಕರಾಮದ ಗೋಡೆ ನಮ್ಮ ಲ್ಯಾನ್ಸಿ" ಎಂದು ಬರೆದೆ. ಮೂರು ಸಂಜೆ ಹಿಡಿಯಿತು. ಲ್ಯಾನ್ಸಿ ಅದನ್ನು ನೋಡಿ, "ಇದೆಲ್ಲ ಎಂತಕ್ಕೆ ರಂಗಣ್ಣ?" ಎಂದ. ಐರಿನ್ ಮಾತ್ರ ಅದರ ಅಂಚು ಹೊಲಿದುಕೊಟ್ಟರು.

ಶುಕ್ರವಾರ ನಾಲ್ಕು ಗಂಟೆಗೆ ನಾವೆಲ್ಲ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೋಟೆಲಿಗೆ ಹೋದೆವು. ಈಗ ಹಾಲಿನ ವ್ಯವಸ್ಥೆ ಕೇಳಿ. ಮುಂದೆ ವೇದಿಕೆ. ಅದರ ಕೆಳಗೆ ಬಿಳಿ ಬಟ್ಟೆ ಹಾಸಿದ ಆರು ದುಂಡು ಮೇಜುಗಳು, ಮಾಲೀಕರಿಗೆ. ಅವುಗಳ ಮೇಲೆ ಕಬಾಬು, ಹಣ್ಣು, ಹೂವಿನ ಗುಚ್ಛ. ಅದರ ಹಿಂದೆ ಒಂದು ಕೆಂಪು ಹಗ್ಗ. ಹಗ್ಗದ ಹಿಂದೆ ನಾವು, ಅಭಿಮಾನಿಗಳು, ತಲೆಗೊಂದು ಜ್ಯೂಸಿನ ಡಬ್ಬಿ. ಬ್ಯಾನರನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡರು. ಒಬ್ಬ ಬಂದು, ನಿರೂಪಕರು ಬಲಗೈ ಎತ್ತಿದಾಗ ಚಪ್ಪಾಳೆ ಹೊಡೆಯಬೇಕು, ಇಳಿಸಿದಾಗ ನಿಲ್ಲಿಸಬೇಕು ಎಂದು ಪಾಠ ಹೇಳಿಹೋದ. ಹತ್ತು ವರ್ಷ ಮರಳಿನಲ್ಲಿ ನಿಂತು ಕೂಗಿದವರಿಗೆ ಚಪ್ಪಾಳೆಯ ಪಾಠ!

ಆಮೇಲೆ ಆಟಗಾರರನ್ನು ಕರೆತಂದರು. ಐವತ್ತೊಂದು ಜನ. ವೇದಿಕೆಯ ಮೇಲೆ ಎರಡು ಸಾಲು. ಎಲ್ಲರ ಎದೆಗೂ ಒಂದೊಂದು ಬಿಳಿ ಬಟ್ಟೆ, ಅದರ ಮೇಲೆ ನಂಬರು. ಹೆಸರಿಲ್ಲ. ಮಾಲೀಕರ ಕೈಯಲ್ಲಿದ್ದ ಪಟ್ಟಿಯಲ್ಲೂ ಹೆಸರಿರಲಿಲ್ಲವಂತೆ. ಹೆಸರಿದ್ದರೆ ಪರಿಚಯದ ಮೇಲೆ ಆರಿಸಿಬಿಡುತ್ತಾರೆ, ನಂಬರಾದರೆ ಪ್ರೊಫೆಷನಲ್ ಎಂದು ಅಧ್ಯಕ್ಷರು ವಿವರಿಸಿದರು. ನಮ್ಮ ಲ್ಯಾನ್ಸಿ ಮುಂದಿನ ಸಾಲಿನಲ್ಲಿ, ಹದಿನೇಳು. ತಿಳಿನೀಲಿ ಅಂಗಿ, ಐರಿನ್ ಊರಿನಿಂದ ತಂದದ್ದು. ಅದರ ಮೇಲೆ ಆ ಬಟ್ಟೆ.

ಮಾಲೀಕರು ಒಬ್ಬರಾದ ಮೇಲೊಬ್ಬರು ನಂಬರು ಕೂಗಿ ಮುಂದೆ ಕರೆಸಿದರು. "ಆಚೆ ತಿರುಗು." "ಎತ್ತರ ಎಷ್ಟು?" "ಮೊಣಕಾಲು ಬಗ್ಗಿಸು ನೋಡುವ." ಖಾಲಿದಿಯಾ ಕಡೆಯ ಒಬ್ಬ ಮಾಲೀಕರಂತೂ ಕಬಾಬಿನ ಕಡ್ಡಿಯಲ್ಲೇ ತೋರಿಸಿ, "ಆ ಕಪ್ಪಗಿನವ, ಅವನ ವೀಸಾ ಎಷ್ಟು ವರ್ಷ ಉಂಟು?" ಎಂದು ಕೇಳಿದರು. ಕಡ್ಡಿಯಲ್ಲಿ! ಊಟದ ಕಡ್ಡಿಯಲ್ಲಿ ಮನುಷ್ಯನನ್ನು ತೋರಿಸುವುದನ್ನು ಯಾವ ದೇಶದಲ್ಲಿ ನೋಡಿ ಬಂದಿದ್ದರೋ!

ನಮ್ಮ ಬೀದಿಯ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಗೊತ್ತಿತ್ತು ಸ್ವಾಮಿ. ನಾವು ಲಗೋರಿಗೆ ಪಾರ್ಟಿ ಕಟ್ಟುವಾಗ ಇಬ್ಬಿಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ಮರೆಗೆ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬರುತ್ತಿದ್ದೆವು. "ಸೂರ್ಯ ಬೇಕೋ ಚಂದ್ರ ಬೇಕೋ?" ಎಂದು ಕೇಳಿದರೆ ನಾಯಕ ಸೂರ್ಯ ಎನ್ನುತ್ತಿದ್ದ, ಸೂರ್ಯನಾಗಿದ್ದವನು ಕುಣಿಯುತ್ತ ಅವನ ಕಡೆಗೆ ಹೋಗುತ್ತಿದ್ದ. ಕುಂಟನೋ ಕುರುಡನೋ ನಾಯಕನಿಗೆ ಮೊದಲು ಗೊತ್ತಾಗುತ್ತಿರಲಿಲ್ಲ. ಕೊನೆಗೆ ಯಾರೂ ಉಳಿಯುತ್ತಲೂ ಇರಲಿಲ್ಲ. ಏಳೆಂಟು ವರ್ಷದ ಮಕ್ಕಳು ಕಂಡುಹಿಡಿದುಕೊಂಡಿದ್ದ ಆ ನಯ, ಹೂಗುಚ್ಛ ಇಟ್ಟುಕೊಂಡು ಕೂತಿದ್ದ ಆ ಆರು ಜನಕ್ಕೆ ಹೊಳೆಯಲಿಲ್ಲ.

ನಾನು ಹಲ್ಲು ಕಡಿಯುತ್ತಿದ್ದಾಗ ವಸುಧಾ ಕಿವಿಯ ಹತ್ತಿರ ಬಗ್ಗಿ, "ನಿಮ್ಮನ್ನೂ ಬೊಂಬಾಯಲ್ಲಿ ಹೀಗೇ ಆರಿಸಿದ್ದಲ್ವಾ?" ಎಂದಳು.

ಹೌದಲ್ಲ! ಬೊಂಬಾಯಿಯ ಒಂದು ಲಾಡ್ಜಿನಲ್ಲಿ ನಲವತ್ತು ಜನ ಡ್ರಾಫ್ಟ್ಸ್‌ಮನ್‌ಗಳ ಸಾಲಿನಲ್ಲಿ ನಾನೂ ನಿಂತಿದ್ದೆ. ಕೈಗೊಂದು ಚೀಟಿ. ಸ್ಕೇಲಿಲ್ಲದೆ ಒಂದು ಗೆರೆ ಎಳೆಯಿರಿ ಎಂದರು. ನನ್ನ ಗೆರೆ ನೆಟ್ಟಗಿತ್ತು. ಕೈ ನಡುಗಿದವರನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು. ನಾಲಿಗೆ ಚಾಚಿಸಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆವತ್ತು ನನಗೆ ಒಂದಿಷ್ಟೂ ಕೋಪ ಬಂದಿರಲಿಲ್ಲ. ಸಂಜೆ ಮನೆಗೆ ಟ್ರಂಕ್ ಕಾಲ್ ಮಾಡಿ "ಸೆಲೆಕ್ಟ್ ಆದೆ" ಎಂದು ಕುಣಿದಿದ್ದೆ. ಹಿಂದಿನ ಬಾಗಿಲಿನಿಂದ ಹೋದವರ ಮುಖ ಹೇಗಿತ್ತೆಂದು ಇವತ್ತಿಗೂ ನೆನಪಿಲ್ಲ. ನಾನು ನೋಡಿಯೇ ಇರಲಿಲ್ಲ. ಆಯ್ಕೆಯಾದವನಿಗೆ ಸಾಲಿನಲ್ಲಿ ನಿಂತ ಅವಮಾನ ಮರೆತುಹೋಗುತ್ತದೆ. ಹದಿಮೂರು ವರ್ಷ ತಡವಾಗಿ, ಇನ್ನೊಬ್ಬರ ಸಾಲು ನೋಡುತ್ತ, ನನಗೆ ಮೈಯೆಲ್ಲ ಬಿಸಿಯಾಯಿತು.

ಹದಿನೇಳನ್ನು ಕರೆದರು. ಲ್ಯಾನ್ಸಿ ಮುಂದೆ ಬಂದು ಕೈಕಟ್ಟಿ ನಿಂತ.

"ವಯಸ್ಸು?"

"ನಲವತ್ತೆರಡು ಸರ್." ಮೂವತ್ತಾರು ಎಂದಿದ್ದರೂ ನಂಬುತ್ತಿದ್ದರು. ಅವನಿಗೆ ಸುಳ್ಳು ಬರುವುದಿಲ್ಲ.

ನಿರೂಪಕ ಮೈಕಿನಲ್ಲಿ, "ಇವರು ಗೋಲು ಕಾಯ್ತಾರೋ ಪೆನ್ಶನ್ ಕಾಯ್ತಾರೋ ಗೊತ್ತಾಗ್ಲಿಲ್ಲ," ಎಂದ. ಮೇಜುಗಳು ನಕ್ಕವು. ಬಲಗೈ ಎತ್ತಿದ. ನಮ್ಮ ಸಾಲಿನಲ್ಲೂ ಕೆಲವರು, ಅಭ್ಯಾಸಬಲದಿಂದ, ಚಪ್ಪಾಳೆ ಹೊಡೆದರು. ನಾನು ಐರಿನ್ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಒಂದೊಂದು ಸುತ್ತಿನಲ್ಲಿ ಆರಾರು ಜನ ವೇದಿಕೆ ಇಳಿದು ಮಾಲೀಕರ ಮೇಜಿನ ಹಿಂದೆ ಹೋಗಿ ನಿಂತರು. ನಮ್ಮ ಕರಾಮ ಟೀಮನ್ನು ಐದು ಮೇಜಿಗೆ ಹರಿದು ಹಂಚಿದರು. ಎಂಟು ಸುತ್ತು ಮುಗಿಯಿತು. ನಲವತ್ತೆಂಟು ಜನ ಇಳಿದರು. ವೇದಿಕೆಯ ಮೇಲೆ ಮೂವರು ಉಳಿದರು. ಸತ್ವಾದ ಒಬ್ಬ ಬಡಕಲು ಹುಡುಗ, ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಇನ್ನೊಬ್ಬ, ನಡುವೆ ನಮ್ಮ ಲ್ಯಾನ್ಸಿ.

ಆರಿಸಲಿಲ್ಲ ಎಂಬುದಕ್ಕೆ ನನಗೆ ಕೋಪವಿಲ್ಲ, ಕೇಳಿ. ನಲವತ್ತೆರಡು ನಲವತ್ತೆರಡೇ. ನನ್ನ ಕೋಪ ಆಮೇಲಿನದಕ್ಕೆ. ಸಿಹಿ ಬಂತು. ಮಾಲೀಕರು ತಟ್ಟೆಗಳ ಕಡೆ ತಿರುಗಿದರು. ಅಧ್ಯಕ್ಷರು ಫೋಟೋಗೆ ನಿಂತರು. ನಿರೂಪಕ ಮೈಕು ಇಟ್ಟು ಪಾಯಸಕ್ಕೆ ಹೋದ. ಆ ಮೂವರಿಗೆ ಇಳಿಯಿರಿ ಎಂದು ಹೇಳಬೇಕೆಂದು ಒಬ್ಬನಿಗೂ ನೆನಪಾಗಲಿಲ್ಲ. ಕರೆಯದೆ ಇಳಿಯಬಾರದೆಂದು ಮೊದಲೇ ಹೇಳಿದ್ದರಂತೆ. ಹಾಗಾಗಿ ಅವರು ನಿಂತೇ ಇದ್ದರು. ದೀಪಗಳು ಅವರ ಮೇಲೇ ಉರಿಯುತ್ತಿದ್ದವು. ಲ್ಯಾನ್ಸಿ ಒಮ್ಮೆ ಎದೆಯ ನಂಬರನ್ನು ನೇರ ಮಾಡಿಕೊಂಡ.

ನಾನು ಎದ್ದೆ. ಇಂಗ್ಲಿಷಿನಲ್ಲಿ, ಸಭ್ಯವಾಗಿ, ಮೂರು ವಾಕ್ಯ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು ಅಪ್ಪಟ ಮೈಸೂರು ಕನ್ನಡ. "ಏನ್ರೀ ನಡೆಸ್ತಿದೀರಾ ನೀವು! ಅವರಿಗೆ ಹೆಸರಿದೆ ಕಣ್ರೀ! ಲ್ಯಾನ್ಸಿ ಅಂತ! ಹತ್ತು ವರ್ಷ ಗೋಲು ಕಾದಿದ್ದಾರೆ! ಇಳೀರಿ ಅನ್ನೋಕೂ ಬಾಯಿಲ್ವೇನ್ರೀ, ಪಾಯಸ ತುಂಬಿಕೊಂಡಿದೀರಾ?" ಕೊನೆಯ ಪದಕ್ಕೆ ಗಂಟಲು ಒಡೆದು ಕೀರಲು ದನಿ ಹೊರಟಿತು. ಮುಂದೆ ನುಗ್ಗಿದೆ, ಕೆಂಪು ಹಗ್ಗ ಕಾಲಿಗೆ ತೊಡರಿತು, ಕಂಬದ ಸಮೇತ ಬಿದ್ದೆ. ಇಡೀ ಹಾಲು ತಿರುಗಿ ನೋಡಿತು. ಮೊದಲು ನನ್ನನ್ನು, ಆಮೇಲೆ, ನನ್ನ ಬೆರಳು ತೋರಿಸುತ್ತಿದ್ದ ಕಡೆ, ಲ್ಯಾನ್ಸಿಯನ್ನು.

ನಾನು ನೆಲದಿಂದ ಏಳುವಷ್ಟರಲ್ಲಿ ಐರಿನ್ ಹಗ್ಗ ದಾಟಿ ಹೋಗಿದ್ದರು. ಓಡಲಿಲ್ಲ. ಮೇಜುಗಳ ನಡುವೆ, ತರಗತಿಯ ಬೆಂಚುಗಳ ನಡುವೆ ಹೋಗುವ ಟೀಚರಂತೆ, ಯಾರ ಕಡೆಗೂ ನೋಡದೆ ನಡೆದು ವೇದಿಕೆ ಹತ್ತಿದರು. ಗಂಡನ ಎದೆಯ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಕೊಂಕಣಿಯಲ್ಲಿ ಏನೋ ಒಂದು ಮಾತು ಹೇಳಿದರು. ಆಮೇಲೆ ಪಕ್ಕದ ಇಬ್ಬರಿಗೂ ಕನ್ನಡದಲ್ಲಿ, "ಬನ್ನಿ ಮಕ್ಳೇ, ಆಯ್ತು ಇದು. ಮನೆಗೆ ಹೋಗಿ," ಎಂದರು. ನಾಲ್ವರೂ ಇಳಿದು ಬಂದರು. ನನ್ನ ಹತ್ತಿರ ಬಂದಾಗ ಬಟ್ಟೆಯನ್ನು ನನ್ನ ಕೈಗಿಟ್ಟು, "ಇದು ಅವರದ್ದು. ಕೊಟ್ಟುಬಿಡಿ," ಎಂದರು. ನಾನು ಕೊಡಲಿಲ್ಲ. ಕೊಡುವುದಕ್ಕೆ ಆ ಮೇಜುಗಳ ಹತ್ತಿರ ಹೋಗಿದ್ದರೆ ಮತ್ತೇನಾದರೂ ಆಗುತ್ತಿತ್ತು.

ಬಸ್‌ಸ್ಟಾಪಿನಲ್ಲಿ ನಾನು ಇನ್ನೂ ಬುಸುಗುಡುತ್ತಿದ್ದೆ. ಲ್ಯಾನ್ಸಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ಥ್ಯಾಂಕ್ಸ್ ಹೇಳುತ್ತಾನೆಂದುಕೊಂಡೆ.

"ಯಾರು ಹೇಳಿದ್ರು ನಿಮಗೆ ಎದ್ದು ನಿಲ್ಲಲಿಕ್ಕೆ?" ಎಂದ. "ನೀವು ಸುಮ್ಮನೆ ಕೂತಿದ್ರೆ ಅವರೆಲ್ಲ ತಿಂದು ಹೋಗ್ತಿದ್ರು, ನಾನು ಮೆಲ್ಲ ಇಳಿದು ಬರ್ತಿದ್ದೆ. ಯಾರಿಗೂ ನೆನಪಿರ್ತಿರ್ಲಿಲ್ಲ. ಈಗ ಇಡೀ ಹಾಲಿಗೆ ನನ್ನ ಹೆಸರು ಗೊತ್ತಾಯ್ತು. ಯಾವುದಕ್ಕೆ ಗೊತ್ತಾಯ್ತು ಹೇಳಿ?"

"ನಾನು ನಿಮ್ಮ ಪರವಾಗಿ..."

"ನನ್ನ ಪರವಾಗಿ ಅಲ್ಲ ರಂಗಣ್ಣ. ನಿಮಗೆ ಕೂಗಬೇಕಿತ್ತು, ಕೂಗಿದ್ರಿ."

ಬಸ್ಸು ಬಂತು. ನನಗೀಗ ಲ್ಯಾನ್ಸಿಯ ಮೇಲೂ ಕೋಪ. ಇವನಿಗಾಗಿ ಬಿದ್ದು ಮೊಣಕೈ ತರಚಿಕೊಂಡವನು ನಾನು!

ಮುಂದಿನ ನಾಲ್ಕು ದಿನ ಹೇಗಿದ್ದಿರಬಹುದು ಯೋಚಿಸಿ. ಒಂದೇ ಮನೆ, ಒಂದೇ ಬಚ್ಚಲು. ನಾನು ಒಳಗಿದ್ದರೆ ಅವನು ಬಾಗಿಲು ತಟ್ಟುತ್ತಿರಲಿಲ್ಲ, ಅವನಿದ್ದರೆ ನಾನು ಕೆಮ್ಮುತ್ತಲೂ ಇರಲಿಲ್ಲ. "ಸಾಂಬಾರು ಬೇಕಾ ಕೇಳು" ಎಂದು ವಸುಧಾಳ ಮೂಲಕವೇ ಮಾತು. ನಾನು ಕೂತು ಲೀಗಿನ ಸಮಿತಿಗೆ ಒಂದು ಖಂಡನಾಪತ್ರ ಬರೆದೆ. ಏಳು ಸಲ ತಿದ್ದಿ ಆಫೀಸಿನ ಫ್ಯಾಕ್ಸಿನಲ್ಲಿ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು. ನಿಮ್ಮ ಸಲಹೆಗೆ ಧನ್ಯವಾದ, ಮುಂದಿನ ವರ್ಷದಿಂದ ಡ್ರಾಫ್ಟಿಗೆ ಅಭಿಮಾನಿಗಳಿಗೆ ಪ್ರವೇಶವಿರುವುದಿಲ್ಲ. ನಾನು ಆ ಕಾಗದವನ್ನು ಹಿಡಿದು ಅಡುಗೆಮನೆಗೆ ಹೋಗಿ, "ನೋಡು, ನೋಡು ಇವರ ಸೊಕ್ಕು!" ಎಂದು ಕೂಗಿದೆ.

ವಸುಧಾ ಒಲೆ ಆರಿಸಿದಳು. "ಅವಮಾನ ಆಗಿದ್ದು ಅವರಿಗೆ, ಕಾಗದ ಬರೀತಿರೋದು ನೀವು. ಐರಿನ್ ಮುಂದಿನ ವಾರ ಬುಧವಾರ ವಾಪಸ್ ಹೋಗ್ತಿದಾಳೆ. ಗಂಡ ಆಡೋದನ್ನ ನೋಡಬೇಕು ಅಂತ ಬಂದವಳು. ಅವಳು ನೋಡಿಕೊಂಡು ಹೋಗ್ತಿರೋದು ಏನನ್ನ?"

ನಾನು ಆ ಕಾಗದವನ್ನು ಮಡಿಸಿಟ್ಟೆ. ಸೀದಾ ಲ್ಯಾನ್ಸಿಯ ಕೋಣೆಯ ಬಾಗಿಲು ತಟ್ಟಿದೆ. ಅವನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಕೆಟ್ಟಿರದ ನಮ್ಮ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿಕೊಂಡು ಕೂತಿದ್ದ.

"ತಪ್ಪಾಯ್ತು ಲ್ಯಾನ್ಸಿ. ನೀವು ಹೇಳಿದ್ದು ಸರಿ. ನನಗೆ ಕೂಗಬೇಕಿತ್ತು," ಎಂದೆ.

ಅವನು ಇಸ್ತ್ರಿಪೆಟ್ಟಿಗೆಯ ಒಂದು ಸ್ಕ್ರೂ ಬಿಗಿದ. "ಮೊಣಕೈ ಹೇಗುಂಟು?" ಎಂದ.

"ಶುಕ್ರವಾರ ಒಂದು ಆಟ ಇಟ್ಟಿದೀವಿ. ನಮ್ಮ ಮರಳಲ್ಲೇ. ಬರ್ತೀರಾ?" ಎಂದೆ. ಆಟ ಇಟ್ಟಿರಲಿಲ್ಲ. ಆ ಕ್ಷಣದಲ್ಲಿ ಇಟ್ಟೆ.

ಹದಿನಾಲ್ಕು ಜನರನ್ನು ಹೊಂದಿಸುವುದು ಝುಬೇರನ ಪಾಲಿಗೆ ಬಂತು. ಆಯ್ಕೆಯಾದವರು ಬೇರೆಲ್ಲೂ ಆಡಬಾರದೆಂದು ಮಾಲೀಕರು ಸಹಿ ಹಾಕಿಸಿಕೊಂಡಿದ್ದರು. ಝುಬೇರ್ ಅತ್ತರಿನ ಅಂಗಡಿಯ ಫೋನಿನಲ್ಲಿ ಎರಡು ದಿನ ಕೂತ. ಉಳಿದುಹೋಗಿದ್ದ ಇಬ್ಬರೂ ಮೊದಲು ಒಪ್ಪಿದರು, ಪಟ್ಟಿ ಕಟ್ಟಿದ್ದವನು ಪಟ್ಟಿ ಬಿಚ್ಚಿ ಬಂದ. ನಮ್ಮ ಹಳೆಯ ಕರಾಮದವರು ಐದು ಜನ, ಸಹಿ ಹಾಕಿದ್ದರೂ, ಟೊಪ್ಪಿ ಕಣ್ಣಿನ ಮೇಲೆಳೆದುಕೊಂಡು ಬಂದರು. "ಯಾರಾದ್ರೂ ಕೇಳಿದ್ರೆ ನಾವು ವಾಕಿಂಗ್ ಬಂದದ್ದು," ಎಂದ ಒಬ್ಬ. ಉಳಿದವರು ಝುಬೇರನ ಅಂಗಡಿಯ ಸಾಲಿನವರು, ಒಬ್ಬ ಬೇಕರಿಯವನು, ಜೊತೆಗೆ ಝುಬೇರ್. ನಾನು ಸೈಟಿನಿಂದ ಬಿಳಿ ಪುಡಿ ತಂದು ಮರಳಿನ ಮೇಲೆ ಮೈದಾನದ ಗೆರೆ ಹಾಕಿದೆ. ಅಷ್ಟು ನೇರವಾದ ಗೆರೆ ಆ ಜಾಗ ಅಲ್ಲಿಯವರೆಗೆ ಕಂಡಿರಲಿಲ್ಲ. ಆಟ ಶುರುವಾದ ಎರಡು ನಿಮಿಷಕ್ಕೆ ಎಲ್ಲ ಅಳಿಸಿಹೋಯಿತು.

ಐರಿನ್ ಮತ್ತು ವಸುಧಾ ಮನೆಯಿಂದ ತಂದ ಎರಡು ಕುರ್ಚಿ ಹಾಕಿಕೊಂಡು ಗೆರೆಯ ಪಕ್ಕ ಕೂತರು. ಲ್ಯಾನ್ಸಿ ಅದೇ ತಿಳಿನೀಲಿ ಅಂಗಿ ತೊಟ್ಟಿದ್ದ. ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು, ಮನಸ್ಸು ಇನ್ನೂ ಆ ವೇದಿಕೆಯ ಮೇಲೆಯೇ ಇತ್ತು. ಬೇಕರಿಯವನು ದೂರದಿಂದ ಸುಮ್ಮನೆ ತಳ್ಳಿದ ಚೆಂಡು ಕುಪ್ಪಳಿಸುತ್ತ ಬಂದು ಲ್ಯಾನ್ಸಿಯ ಎರಡು ಕೈಗಳ ನಡುವೆ ನುಸುಳಿ ಒಳಗೆ ಹೋಯಿತು. ಹತ್ತು ವರ್ಷದಲ್ಲಿ ಅಂಥ ಗೋಲು ಅವನು ಬಿಟ್ಟಿರಲಿಲ್ಲ. ಲ್ಯಾನ್ಸಿ ತಲೆ ತಗ್ಗಿಸಿ ನಿಂತ.

ಆಗ ಐರಿನ್ ಕುರ್ಚಿಯಿಂದ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದರು. "ಒಂದು!" ಎಂದು ಕೂಗಿದರು. "ಗೋಲ್! ಇವರದ್ದು ಒಂದು ಗೋಲಾಯ್ತು!"

ಲ್ಯಾನ್ಸಿ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಆ ಹಾಲಿನಿಂದ ಬಂದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು. ಮೊದಲು ಸ್ವಲ್ಪ, ಆಮೇಲೆ ತಡೆಯಲಾರದಷ್ಟು. ಮೊಣಕಾಲಿನ ಮೇಲೆ ಕೈಯೂರಿ ನಕ್ಕ.

ಅಲ್ಲಿಂದ ಮುಂದೆ ಅವನು ಆಡಿದ ಆಟವಿದೆಯಲ್ಲ, ಅದನ್ನು ಆ ಕಬಾಬಿನ ಕಡ್ಡಿಯವರು ನೋಡಬೇಕಿತ್ತು. ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಸತ್ವಾದ ಹುಡುಗ ಎದುರಿನಿಂದಲೇ ಹೊಡೆದದ್ದನ್ನು ಬೆರಳ ತುದಿಯಿಂದ ಕಂಬಕ್ಕೆ ತಳ್ಳಿದ. ಅಷ್ಟಾದರೂ ಅವನ ಮುಂದೆ ಕಾಯಲು ನಿಂತಿದ್ದವನು ಝುಬೇರ್. ಇನ್ನೂ ನಾಲ್ಕು ಗೋಲು ಬಿದ್ದವು. ಪ್ರತಿ ಸಲವೂ ಐರಿನ್ ಎದ್ದು, "ಎರಡು!" "ಮೂರು!" ಎಂದು ಎಣಿಸಿದರು. ನಾಲ್ಕನೆಯದಕ್ಕೆ ನಮ್ಮ ಕಡೆಯವರೂ ಚಪ್ಪಾಳೆ ಹೊಡೆದರು. ಐದನೆಯದಕ್ಕೆ, ಗೋಲು ಹೊಡೆದ ಬೇಕರಿಯವನೇ ಓಡಿಬಂದು ಲ್ಯಾನ್ಸಿಯ ಕೈ ಕುಲುಕಿದ.

ನನಗೆ ಬಾಯಿ ತುರಿಸುತ್ತಿತ್ತು. ಇಂಥ ತಪ್ಪು ತಿಳಿವಳಿಕೆಯನ್ನು ಕಣ್ಣೆದುರಿಗೆ ಬಿಟ್ಟುಕೊಂಡು ಸುಮ್ಮನಿರುವುದು ನನ್ನ ಸ್ವಭಾವವಲ್ಲ. "ಐರಿನ್ ಅವರೇ, ಅದು..." ಎಂದು ಶುರುಮಾಡಿದೆ. ವಸುಧಾ ತೊಡೆ ಚಿವುಟಿದಳು. ಬಾಯಿ ಮುಚ್ಚಿದೆ.

ಬುಧವಾರ ಐರಿನ್‌ರನ್ನು ಏರ್‌ಪೋರ್ಟಿಗೆ ಬಿಟ್ಟುಬಂದೆವು. ಒಳಗೆ ಹೋಗುವಾಗ ಅವರು ತಿರುಗಿ ಗಂಡನಿಗೆ ಐದು ಬೆರಳು ಎತ್ತಿ ತೋರಿಸಿದರು. ಲ್ಯಾನ್ಸಿಯೂ ಐದು ಬೆರಳು ಎತ್ತಿದ. ಅವನು ಕ್ಯಾಂಪಿನ ಬಸ್ಸು ಹತ್ತಿ ಹೋದ ಮೇಲೆ ನಾನು ವಸುಧಾಗೆ, "ಪಾಪ, ಟೀಚರಾಗಿದ್ದೂ ಇಷ್ಟು ಗೊತ್ತಾಗಲಿಲ್ವಲ್ಲ," ಎಂದೆ.

ವಸುಧಾ ನನ್ನನ್ನು ದಿಟ್ಟಿಸಿ ನೋಡಿದಳು. "ಅವಳ ಮೂರು ಜನ ಅಣ್ಣಂದಿರೂ ಚರ್ಚಿನ ಮೈದಾನದಲ್ಲಿ ಫುಟ್ಬಾಲ್ ಆಡಿಕೊಂಡೇ ಬೆಳೆದವರು ಕಣ್ರೀ. ಶಾಲೆಯಲ್ಲಿ ಮಕ್ಕಳ ಪಂದ್ಯಕ್ಕೆ ಸೀಟಿ ಊದೋದು ಅವಳೇ. ಯಾರ ಗೋಲು ಅಂತ ಅವಳಿಗೆ ಗೊತ್ತಿಲ್ವಾ?"

ನಾನು ನನ್ನ ಐದು ಬೆರಳನ್ನೂ ಎತ್ತಿ ಒಮ್ಮೆ ನೋಡಿಕೊಂಡೆ.

ಆ ಅಧ್ಯಕ್ಷರು, ಆ ಆರು ಮೇಜು, ಆ ಕೆಂಪು ಹಗ್ಗ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಆದರೆ ಆ ಕಾಲದ ಕರಾಮದವರು ಎಲ್ಲಾದರೂ ಸಿಕ್ಕಿ, "ನಿಮ್ಮ ಲ್ಯಾನ್ಸಿಗೆ ಆವತ್ತು ಐದು ಗೋಲಂತೆ, ಹೌದಾ?" ಎಂದು ನಗುತ್ತ ಕೇಳಿದರೆ, ನಾನು ಕಣ್ಣು ಮಿಟುಕಿಸದೆ, "ಹೌದು, ಐದು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ," ಎನ್ನುತ್ತೇನೆ.